ಮೈಗಳ್ಳತನವಲ್ಲ, ರಕ್ತದ ರೋಗವಿರಬಹುದು

ಕಾಫಿ ಕೊಯ್ಲಿನ ಚಳಿಯಲ್ಲಿ ಗಿರಿಜನ ಕಾರ್ಮಿಕನೊಬ್ಬ ಕೈಕಾಲು ನೋವೆಂದು ಲೈನಿನಲ್ಲೇ ಮಲಗಿದರೆ ‘ಮೈಗಳ್ಳ’ ಎಂದುಬಿಡುತ್ತೇವೆ. ಬೆಳೆಗಾರ ಬಾಂಧವರು ಆ ಮಾತಿಗೆ ಮುನ್ನ ಇದನ್ನು ಗಮನಿಸಬೇಕು.

ವಿಜ್ಞಾನಿ ಹರ್ಮನ್ ಲೇಮನ್ ಮತ್ತು ಅವರ ಸಹೋದ್ಯೋಗಿ ಕಟ್‌ಬುಷ್ ಅವರು ನೀಲಗಿರಿಯ ಗಿರಿಜನರ ರಕ್ತ ಪರೀಕ್ಷಿಸಿ, ಅದರಲ್ಲಿ ‘ಸಿಕಲ್ ಸೆಲ್’ ದೋಷವಿರುವುದನ್ನು 1952ರಲ್ಲಿ ಪ್ರಕಟಿಸಿದರು. ಇದು ಅಂಟುರೋಗವಲ್ಲ, ಹುಟ್ಟಿನಿಂದ ಬರುವುದು. ತಂದೆ ತಾಯಿ ಇಬ್ಬರಿಂದಲೂ ದೋಷ ಬಂದರೆ ಮಗುವಿಗೆ ರೋಗ. ದುಂಡಗಿನ ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗಿ ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತವೆ. ತಡೆಯಲಾರದ ನೋವು ಬರುತ್ತದೆ. ಚಳಿ, ಜ್ವರ, ಅತಿ ದಣಿವು, ನೀರು ಕುಡಿಯದಿರುವುದು ಇದನ್ನು ಕೆರಳಿಸುತ್ತವೆ. ತೋಟದ ದುಡಿಮೆಯಲ್ಲಿ ಇವೆಲ್ಲವೂ ಇವೆ.

ಪತ್ತೆಗೆ ರಕ್ತಪರೀಕ್ಷೆಯಿದೆ, ನೋವಿನ ಬಾಧೆ ಕಡಿಮೆ ಮಾಡುವ ಹೈಡ್ರಾಕ್ಸಿಯೂರಿಯಾ ಮಾತ್ರೆಯೂ ಇದೆ. ಈ ರೋಗದ ನಿರ್ಮೂಲನೆಗೆಂದು 2023ರ ಜುಲೈ 1ರಂದು ರಾಷ್ಟ್ರೀಯ ಅಭಿಯಾನ ಆರಂಭವಾಯಿತು. ಆದರೆ ಮಾತ್ರೆಯಿದ್ದರೆ ಸಾಲದು, ರೋಗಿ ಆಸ್ಪತ್ರೆ ತಲುಪಬೇಕಲ್ಲ! ಒಂದು ದಿನದ ಕೂಲಿ ಬಿಟ್ಟು ಹೋಗಲು ಬಡವನಿಗೆ ಧೈರ್ಯ ಸಾಲದು.

ಆದ್ದರಿಂದ ಪದೇ ಪದೇ ಹೀಗೆ ನರಳುವವರನ್ನು ಗದರಿಸದೆ, ಕೂಲಿ ಕಡಿಯದೆ ರಕ್ತಪರೀಕ್ಷೆಗೆ ಕಳುಹಿಸಿರಿ. ಕೆಲಸದ ಜಾಗದಲ್ಲಿ ಕುಡಿಯುವ ನೀರು, ಲೈನಿನಲ್ಲಿ ಬೆಚ್ಚನೆಯ ಕಂಬಳಿ ಇರಲಿ. ಗಿಡದ ಎಲೆ ಬಾಡಿದರೆ ಬೇರು ನೋಡುವ ನಾವು ದುಡಿಯುವವರ ನೋವಿನ ಬೇರನ್ನೂ ನೋಡೋಣ.