ಒಂದೇ ಐಸ್, ನಾಲ್ಕು ದೇಶದ ಚಾಂಪಿಯನ್‌ಗಳು

ರಾಷ್ಟ್ರೀಯ ಚಾಂಪಿಯನ್‌ಶಿಪ್ ಅಂದ್ರೆ ಒಂದು ದೇಶದವರು ತಮ್ಮೊಳಗೇ ಆಡಿ ಗೆಲ್ಲೋದು ಅಂತ ನಾವೆಲ್ಲ ಅಂದುಕೊಂಡಿದ್ದೇವೆ. ಆದರೆ ಮಧ್ಯ ಯುರೋಪಿನಲ್ಲಿ ನಾಲ್ಕು ದೇಶಗಳು ಸೇರಿ ಒಂದೇ ಕಡೆ, ಒಂದೇ ಸಲ ತಮ್ಮ ರಾಷ್ಟ್ರೀಯ ಫಿಗರ್ ಸ್ಕೇಟಿಂಗ್ ಚಾಂಪಿಯನ್‌ಶಿಪ್ ನಡೆಸುತ್ತವೆ. ಚೆಕ್ ಗಣರಾಜ್ಯ, ಸ್ಲೊವಾಕಿಯಾ, ಪೋಲೆಂಡ್ ಮತ್ತು ಹಂಗೇರಿ ಆ ನಾಲ್ಕು ದೇಶಗಳು. ಸ್ಪರ್ಧೆಯ ಹೆಸರು 'ಫೋರ್ ನ್ಯಾಷನಲ್ಸ್'. ಮೊದಲು ಮೂರೇ ದೇಶ ಇದ್ದಾಗ ಅದು 'ತ್ರೀ ನ್ಯಾಷನಲ್ಸ್' ಆಗಿತ್ತು. 2013-14ರ ಋತುವಿನಲ್ಲಿ ಹಂಗೇರಿ ಬಂದು ಸೇರಿಕೊಂಡಿತು.

ಈ ನಾಲ್ವರ ನಂಟು ಹೊಸದೇನಲ್ಲ. 1992ರ ಕೊನೆಯವರೆಗೂ ಚೆಕ್ ಮತ್ತು ಸ್ಲೊವಾಕಿಯಾ ಒಂದೇ ದೇಶವಾಗಿದ್ದವು. 1972ರ ಒಲಿಂಪಿಕ್ಸ್‌ನಲ್ಲಿ ಪುರುಷರ ಫಿಗರ್ ಸ್ಕೇಟಿಂಗ್ ಚಿನ್ನ ಗೆದ್ದ ಒಂಡ್ರೆಯ್ ನೆಪೆಲಾ ಹುಟ್ಟಿದ್ದು ಈಗಿನ ಸ್ಲೊವಾಕಿಯಾದ ಬ್ರಾಟಿಸ್ಲಾವಾದಲ್ಲಿ, ಆಡಿದ್ದು ಚೆಕೊಸ್ಲೊವಾಕಿಯಾ ಪರ. ರಾಜಕೀಯದಲ್ಲೂ ಈ ನಾಲ್ಕು ದೇಶಗಳು 'ವಿಶೆಗ್ರಾದ್ ಗುಂಪು' ಅಂತಲೇ ಹೆಸರಾಗಿವೆ.

ಸೇರಿ ಮಾಡೋದು ಯಾಕೆ?

ಮುಖ್ಯ ಕಾರಣ ಸಂಖ್ಯೆ. ಸಣ್ಣ ದೇಶದಲ್ಲಿ ಸೀನಿಯರ್ ಮಟ್ಟದ ಸ್ಕೇಟರ್‌ಗಳು ಬೆರಳೆಣಿಕೆ. ಇಬ್ಬರು ಜೋಡಿಯಾಗಿ ಆಡುವ ವಿಭಾಗಗಳಲ್ಲಂತೂ ಕೆಲವೊಮ್ಮೆ ಇಡೀ ದೇಶಕ್ಕೆ ಒಂದೇ ಜೋಡಿ. ಎದುರಾಳಿಯೇ ಇಲ್ಲದೆ ಐಸ್ ಮೇಲೆ ಬಂದು ಹೋದರೂ ಚಿನ್ನ ಸಿಗುತ್ತದೆ. ಅಂಥ ಚಿನ್ನಕ್ಕೆ ಏನು ಬೆಲೆ? ಇನ್ನೊಂದು ಕಡೆ, ಸ್ಪರ್ಧಿಗಳು ಐದೇ ಜನ ಇದ್ದರೂ ರಿಂಕ್ ಬಾಡಿಗೆ ಕಟ್ಟಬೇಕು, ಐಸ್ ಸಮ ಮಾಡುವ ಯಂತ್ರ ಓಡಬೇಕು, ತೀರ್ಪುಗಾರರು, ತಾಂತ್ರಿಕ ಸಿಬ್ಬಂದಿ, ವಿಡಿಯೋ ರೀಪ್ಲೇ ಎಲ್ಲ ಇರಲೇಬೇಕು. ನಾಲ್ಕು ದೇಶಗಳು ಕೂಡಿದರೆ ಆ ಖರ್ಚು ಹಂಚಿಹೋಗುತ್ತದೆ, ಪೈಪೋಟಿಯೂ ನಿಜವಾಗುತ್ತದೆ.

ಸ್ಪರ್ಧೆ ಸಾಮಾನ್ಯವಾಗಿ ಡಿಸೆಂಬರ್‌ನಲ್ಲಿ ನಡೆಯುತ್ತದೆ. ಆತಿಥ್ಯ ಒಂದೊಂದು ಸಲ ಒಂದೊಂದು ದೇಶದ್ದು. ಬುಡಾಪೆಸ್ಟ್‌ನಂಥ ರಾಜಧಾನಿಯಲ್ಲೂ ನಡೆದಿದೆ, ಪೋಲೆಂಡ್ ಗಡಿಗೆ ಹತ್ತಿರದ ಚೆಕ್ ಪಟ್ಟಣ ತ್ರಿನೆಟ್ಸ್‌ನಲ್ಲೂ ನಡೆದಿದೆ. ಯುರೋಪಿಯನ್ ಚಾಂಪಿಯನ್‌ಶಿಪ್ ಬರೋದು ಸಾಮಾನ್ಯವಾಗಿ ಜನವರಿಯಲ್ಲಿ. ಹಾಗಾಗಿ ಯಾರನ್ನು ಕಳಿಸಬೇಕು ಅಂತ ನಿರ್ಧರಿಸುವ ಹೊತ್ತಿಗೆ ಈ ಫಲಿತಾಂಶ ಪ್ರತಿ ದೇಶದ ಕೈಲೂ ಇರುತ್ತದೆ.

ಸ್ಪರ್ಧೆ ಮುಗಿದ ಮೇಲೆ ಎಲ್ಲರೂ ಇರುವ ಒಂದು ಪಟ್ಟಿ ಬರುತ್ತದೆ. ಅದರಿಂದ ದೇಶವಾರು ಹೆಸರು ಹೆಕ್ಕಿ ನಾಲ್ಕು ಪಟ್ಟಿ ಮಾಡುತ್ತಾರೆ. ಒಟ್ಟಾರೆ ಏಳನೇ ಸ್ಥಾನ ಬಂದವರೂ ತಮ್ಮ ದೇಶದವರಲ್ಲಿ ಮೊದಲಿಗರಾಗಿದ್ದರೆ ಅವರೇ ರಾಷ್ಟ್ರೀಯ ಚಾಂಪಿಯನ್. ಡೇಟಾಬೇಸ್ ಲ್ಯಾಬ್ ಮಾಡಿದವರಿಗೆ ಇದು ಒಂದು ಸಾಲಿನ ಕ್ವೆರಿ, ಅಷ್ಟೇ ಅಲ್ವಾ ಅನಿಸಬಹುದು. ಆದರೆ ಹೀಗೆ ಹೆಕ್ಕಿ ತೆಗೆಯೋದು ನ್ಯಾಯವೇ ಅನ್ನೋದು ಅಂಕ ಕೊಡುವ ಪದ್ಧತಿಯ ಮೇಲೆ ನಿಂತಿದೆ.

ಹಳೇ ಪದ್ಧತಿಯಲ್ಲಿ ಏನಾಗುತ್ತಿತ್ತು?

ಫಿಗರ್ ಸ್ಕೇಟಿಂಗ್‌ನಲ್ಲಿ ಎರಡು ಸುತ್ತು: ಶಾರ್ಟ್ ಪ್ರೋಗ್ರಾಂ, ಫ್ರೀ ಸ್ಕೇಟ್. ಮೊದಲಿದ್ದ '6.0' ಪದ್ಧತಿಯಲ್ಲಿ ತೀರ್ಪುಗಾರರ ಅಂಕಗಳು ಕೊನೆಗೆ ಸ್ಥಾನವಾಗಿ ಬದಲಾಗುತ್ತಿದ್ದವು. ಶಾರ್ಟ್ ಪ್ರೋಗ್ರಾಂ ಸ್ಥಾನವನ್ನು 0.5ರಿಂದ ಗುಣಿಸಿ, ಫ್ರೀ ಸ್ಕೇಟ್ ಸ್ಥಾನಕ್ಕೆ ಕೂಡಿಸುತ್ತಿದ್ದರು. ಮೊತ್ತ ಕಡಿಮೆ ಇದ್ದವರು ವಿಜೇತರು.

ಈಗ ಒಂದು ಲೆಕ್ಕ ಹಾಕೋಣ. ಸ್ಲೊವಾಕಿಯಾದಿಂದ ಇಬ್ಬರೇ ಇದ್ದಾರೆ ಅನ್ನಿ: ಅ ಮತ್ತು ಬ. ಶಾರ್ಟ್‌ನಲ್ಲಿ ಅ ಮುಂದೆ, ಫ್ರೀಯಲ್ಲಿ ಬ ಮುಂದೆ. ಇಬ್ಬರೇ ಆಡಿದ್ದರೆ ಅ ಮೊತ್ತ 0.5 + 2 = 2.5. ಬ ಮೊತ್ತ 1 + 1 = 2. ಗೆದ್ದದ್ದು ಬ.

ಅದೇ ಆಟಕ್ಕೆ ಪೋಲೆಂಡ್‌ನ ಮೂವರನ್ನು ಸೇರಿಸಿ. ಶಾರ್ಟ್‌ನಲ್ಲಿ ಅವರು ಅ ಮತ್ತು ಬ ನಡುವೆ ಬಂದರು. ಫ್ರೀಯಲ್ಲಿ ಇಬ್ಬರಿಗಿಂತಲೂ ಹಿಂದೆ ಉಳಿದರು. ಈಗ ಬ ಶಾರ್ಟ್‌ನಲ್ಲಿ ಐದನೆಯವರು. ಅವರ ಮೊತ್ತ 2.5 + 1 = 3.5. ಅ ಮೊತ್ತ ಮೊದಲಿನಂತೆ 2.5. ಗೆದ್ದದ್ದು ಅ!

ಸ್ಲೊವಾಕಿಯಾದ ಇಬ್ಬರೂ ಒಂದು ಹೆಜ್ಜೆಯನ್ನೂ ಬದಲಿಸಿಲ್ಲ. ಆದರೂ ಸ್ಲೊವಾಕಿಯಾದ ಚಾಂಪಿಯನ್ ಯಾರು ಅಂತ ಪೋಲೆಂಡ್‌ನವರು ತೀರ್ಮಾನಿಸಿದ ಹಾಗಾಯಿತು. ಸ್ಥಾನಗಳನ್ನು ಕೂಡಿಸುವ ಯಾವ ಪದ್ಧತಿಗೂ ಈ ತೊಂದರೆ ಇದ್ದದ್ದೇ. ಸ್ಥಾನ ಅನ್ನೋದು ಒಬ್ಬರ ಆಟದ ಅಳತೆಯಲ್ಲ. ಸುತ್ತ ಯಾರಿದ್ದರು ಅನ್ನೋದೂ ಅದರೊಳಗೆ ಸೇರಿಕೊಂಡಿರುತ್ತದೆ.

ಈಗಿನ ಪದ್ಧತಿ

2002ರ ಸಾಲ್ಟ್ ಲೇಕ್ ಸಿಟಿ ಒಲಿಂಪಿಕ್ಸ್‌ನ ಜೋಡಿ ವಿಭಾಗದಲ್ಲಿ ತೀರ್ಪಿನ ಬಗ್ಗೆ ದೊಡ್ಡ ಗಲಾಟೆಯಾಗಿ, ಕೊನೆಗೆ ಎರಡು ಜೋಡಿಗೆ ಚಿನ್ನ ಕೊಡಬೇಕಾಯಿತು. ಆಮೇಲೆ ಅಂತರರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟ 6.0 ಪದ್ಧತಿಯನ್ನು ಕೈಬಿಟ್ಟು, 2004ರಲ್ಲಿ ಹೊಸದನ್ನು ಅಳವಡಿಸಿಕೊಂಡಿತು.

ಇದರಲ್ಲಿ ಪ್ರತಿ ಜಿಗಿತಕ್ಕೂ, ಪ್ರತಿ ಸುತ್ತಿಗೂ ಮೂಲ ಬೆಲೆ ಇರುತ್ತದೆ. ತಾಂತ್ರಿಕ ತಂಡ ಆ ಜಿಗಿತ ಯಾವುದು, ಸುತ್ತು ಪೂರ್ತಿ ಆಯಿತಾ ಅಂತ ಗುರುತಿಸುತ್ತದೆ. ತೀರ್ಪುಗಾರರು ಅದರ ಗುಣಮಟ್ಟಕ್ಕೆ -5ರಿಂದ +5ರವರೆಗೆ ಕೊಡುತ್ತಾರೆ. ಒಂದೊಂದು ಮೆಟ್ಟಿಲಿಗೆ ಮೂಲ ಬೆಲೆಯ ಶೇ. 10. ಟ್ರಿಪಲ್ ಲುಟ್ಜ್ ಬೆಲೆ 5.90 ಅಂತ ಇಟ್ಟುಕೊಳ್ಳಿ. ಗುಣಮಟ್ಟದ ಸರಾಸರಿ +2 ಬಂದರೆ 1.18 ಸೇರಿ 7.08 ಆಗುತ್ತದೆ. ಸರಾಸರಿ ತೆಗೆಯುವಾಗ ಅತಿ ಹೆಚ್ಚು ಮತ್ತು ಅತಿ ಕಡಿಮೆ ಅಂಕ ಬಿಟ್ಟುಬಿಡುತ್ತಾರೆ. ಸಂಯೋಜನೆ, ಪ್ರಸ್ತುತಿ, ಸ್ಕೇಟಿಂಗ್ ಕೌಶಲ ಇವಕ್ಕೆ ಬೇರೆ ಅಂಕ. ಬಿದ್ದರೆ ಕಡಿತ. ಎರಡೂ ಸುತ್ತಿನ ಅಂಕ ನೇರವಾಗಿ ಕೂಡುತ್ತವೆ.

ಮೂವರು ಬಂದರೂ ಮೂವತ್ತು ಜನ ಬಂದರೂ ಒಬ್ಬರ ಮೊತ್ತ ಲೆಕ್ಕ ಹಾಕುವಾಗ ಇನ್ನೊಬ್ಬರ ಅಂಕ ಬರೋದೇ ಇಲ್ಲ. ಹಾಗಾಗಿ ದೊಡ್ಡ ಪಟ್ಟಿಯಿಂದ ಒಂದು ದೇಶದವರನ್ನು ಹೆಕ್ಕಿದರೂ ಅವರ ನಡುವಿನ ಕ್ರಮ ಕೆಡುವುದಿಲ್ಲ. ಹಾಗಂತ ಎಲ್ಲವೂ ಸರಿಹೋಯಿತು ಅಂತಲ್ಲ. ತುಂಬ ಚೆನ್ನಾಗಿ ಆಡಿದವರ ಹಿಂದೆಯೇ ಬಂದ ಸ್ಕೇಟರ್‌ನ ನೋಡುವಾಗ ತೀರ್ಪುಗಾರರ ಮನಸ್ಸು ಹೋಲಿಸದೆ ಇರುತ್ತದೆ ಅಂತ ಯಾವ ಸೂತ್ರವೂ ಖಾತ್ರಿ ಕೊಡಲಾರದು. ಸೂತ್ರದಿಂದ ಬರುವ ಅನ್ಯಾಯ ಮಾತ್ರ ತಪ್ಪಿದೆ.

ನಮಗೇನು?

ಇದೇ ವಿಷಯ ನಮ್ಮ ಸೀಟನ್ನೂ ಮುಟ್ಟಿದೆ. ಸಿಇಟಿಯಲ್ಲಿ ಪಿಯುಸಿ ಅಂಕಕ್ಕೆ ಅರ್ಧ, ಪರೀಕ್ಷೆಯ ಅಂಕಕ್ಕೆ ಅರ್ಧ ತೂಕ ಕೊಟ್ಟು, ಕೂಡಿಸಿ, ಆಮೇಲೆ ರ‍್ಯಾಂಕ್ ಕೊಡುವ ಪದ್ಧತಿಯಲ್ಲಿ ಬಂದವರು ನಮ್ಮಲ್ಲಿ ಬಹಳ ಜನ ಇದ್ದೇವೆ. ಅದರ ಬದಲು ಎರಡು ರ‍್ಯಾಂಕ್ ಕೊಟ್ಟು ಆ ರ‍್ಯಾಂಕ್‌ಗಳನ್ನು ಕೂಡಿಸಿದ್ದರೆ, ನಾವು ಕಂಡೇ ಇರದ ಯಾರೋ ಪರೀಕ್ಷೆ ಬರೆದರು ಅನ್ನೋ ಕಾರಣಕ್ಕೆ ನಮ್ಮ ಪಕ್ಕದ ಬೆಂಚಿನವರ ಮತ್ತು ನಮ್ಮ ಕ್ರಮ ಅದಲುಬದಲಾಗಬಹುದಿತ್ತು.

ಫೆಸ್ಟ್‌ಗಳಲ್ಲಿ ಎರಡು ಸುತ್ತಿನ ಸ್ಪರ್ಧೆ ಇಟ್ಟು, ಸುತ್ತಿಗೊಂದು ಸ್ಥಾನ ಕೊಟ್ಟು ಅವನ್ನು ಕೂಡಿಸೋದು ಸುಲಭ ಅನಿಸುತ್ತದೆ. ಮುಂದಿನ ಸಲ ಅಂಕಪಟ್ಟಿ ತಯಾರಿಸುವವರು ದಯವಿಟ್ಟು ಅಂಕಗಳನ್ನೇ ಕೂಡಿಸಿ, ಸ್ಥಾನವನ್ನು ಕೊನೆಯಲ್ಲಿ ಒಂದೇ ಸಲ ಕೊಡಿ. 'ಬೆಸ್ಟ್ ಫಸ್ಟ್ ಇಯರ್' ಅಂತ ಬೇರೆ ಬಹುಮಾನ ಇದ್ದರೆ ಅದನ್ನೂ ಅದೇ ಪಟ್ಟಿಯಿಂದ ಧೈರ್ಯವಾಗಿ ಹೆಕ್ಕಬಹುದು.