ಪಿಯಾನೋ ನುಡಿಸಿದ ನಕ್ಷತ್ರಗಳೇ?

ಲಾರೆನ್ ಗಂಡರ್ಸನ್ ಬರೆದ, 2011ರಲ್ಲಿ ಮೊದಲು ರಂಗವೇರಿದ ‘ಸೈಲೆಂಟ್ ಸ್ಕೈ’ ಎಂಬ ನಾಟಕವನ್ನು ಅಮೆರಿಕದಲ್ಲಿ ನೋಡಿಬಂದ ವಾಚಕರೊಬ್ಬರು, ಖಗೋಲಜ್ಞೆ ಹೆನ್ರಿಯೆಟ್ಟಾ ಸ್ವಾನ್ ಲೆವಿಟ್ ಅವರಿಗೆ ತಮ್ಮ ಮಹಾಶೋಧವು ಸೋದರಿಯ ಪಿಯಾನೋ ವಾದನವನ್ನು ಆಲಿಸುತ್ತಿದ್ದಾಗ ಹೊಳೆದುದು ನಿಜವೇ ಎಂದು ಪ್ರಶ್ನಿಸಿರುವರು. ಆ ದೃಶ್ಯವನ್ನು ನಾನೂ ಕಂಡು ಕರತಾಡನ ಮಾಡಿದವನೇ. ಆದರೂ ಹೇಳಬೇಕಾದುದನ್ನು ಹೇಳಲೇಬೇಕು: ಪಿಯಾನೋ ಕವಿಕಲ್ಪನೆ, ನಾಟಕದಲ್ಲಿ ಆಕೆಗೆ ಒದಗುವ ಪ್ರಣಯಿಯೂ ಕಲ್ಪನೆಯೇ.

ನಿಜವಾಗಿ ನಡೆದುದು ರಂಗಕ್ಕೆ ಒಗ್ಗದಷ್ಟು ನಿಧಾನದ ಕಾರ್ಯ. ಪೆರು ದೇಶದ ಅರೆಕಿಪಾದಿಂದ ಹಾರ್ವರ್ಡ್ ವೀಕ್ಷಣಾಲಯಕ್ಕೆ ಬರುತ್ತಿದ್ದ ಗಾಜಿನ ಛಾಯಾಫಲಕಗಳಲ್ಲಿ ಆಕಾಶ ಬಿಳುಪು, ನಕ್ಷತ್ರಗಳು ಕಪ್ಪು ಚುಕ್ಕೆಗಳು. ಒಂದು ರಾತ್ರಿಯ ಇಂಥ ಫಲಕದ ಮೇಲೆ ಮತ್ತೊಂದು ರಾತ್ರಿಯ ಬಿಂಬವನ್ನು ಕಪ್ಪುಬಿಳುಪು ತಿರುಗುಮುರುಗಾಗುವಂತೆ ಅಚ್ಚಿಳಿಸಿಟ್ಟರೆ, ಕಾಂತಿ ಬದಲಾಗದ ತಾರೆಗಳು ಪರಸ್ಪರ ಅಳಿಸಿಹೋಗಿ, ಬದಲಾದವು ಮಾತ್ರ ಅಂಚುಗಟ್ಟಿ ಎದ್ದು ತೋರುವುವು. ಗಂಟೆಗೆ 30 ಸೆಂಟ್ ವೇತನದ ಮೇಲೆ, ಕುಗ್ಗುತ್ತಿದ್ದ ಶ್ರವಣಶಕ್ತಿಯೊಡನೆ, ಈಕೆ ಹೀಗೆ ಮೆಗಲಾನಿಕ್ ಮೋಡಗಳೆಂಬ ಎರಡು ದೂರದ ತಾರಾಸಮೂಹಗಳಲ್ಲಿ ಪತ್ತೆಮಾಡಿ 1908ರಲ್ಲಿ ಪಟ್ಟಿಕೊಟ್ಟ ಚರಕಾಂತಿ ತಾರೆಗಳು 1,777. ಅವುಗಳಲ್ಲಿ ಹದಿನಾರರ ಅವಧಿಯನ್ನು, ಎಂದರೆ ಕಾಂತಿ ಒಮ್ಮೆ ಏರಿಳಿದು ಮತ್ತೆ ಏರಲು ಹಿಡಿಯುವ ಕಾಲವನ್ನು, ಲೆಕ್ಕಹಾಕಿ, ಹೆಚ್ಚು ಪ್ರಕಾಶವುಳ್ಳವು ಇದಕ್ಕೆ ಹೆಚ್ಚು ಕಾಲ ತೆಗೆದುಕೊಳ್ಳುತ್ತವೆಂದು ಅಲ್ಲಿಯೇ ಸೂಚಿಸಿದರು.

ಇದರ ಮಹತ್ತ್ವವನ್ನು ಅರಿಯಲು ಇರುಳಿನಲ್ಲಿ ಬಯಲ ನಡುವೆ ನಿಂತಿರುವಂತೆ ಭಾವಿಸಿರಿ. ದಾರಿಯಲ್ಲಿ ಒಂಟಿಯಾಗಿ ಕಾಣುವ ಬೆಳಕು ಸಮೀಪದ ಹಣತೆಯೋ ದೂರದ ಪಂಜೋ ಎಂದು ಹೇಳಲಾಗದು. ಆದರೆ ದೂರದ ಬೆಟ್ಟದ ನೆತ್ತಿಯ ಗುಡಿಯಲ್ಲಿ ದೀಪೋತ್ಸವ ನಡೆದಿದ್ದರೆ, ಅಲ್ಲಿಯ ದೀಪಗಳೆಲ್ಲ ನಮ್ಮಿಂದ ಸರಿಸುಮಾರು ಸಮದೂರದಲ್ಲಿರುವುದರಿಂದ, ಹೆಚ್ಚು ಬೆಳಗುವಂತೆ ತೋರುವುದು ನಿಜವಾಗಿಯೂ ದೊಡ್ಡ ದೀಪವೇ. ಕಿರಿಯ ಮೆಗಲಾನಿಕ್ ಮೋಡವು ಲೆವಿಟ್ ಅವರಿಗೆ ಅಂಥ ಬೆಟ್ಟವಾಯಿತು. 1912ರ ಹೊತ್ತಿಗೆ, ಒಂದೂಕಾಲು ದಿನದಿಂದ 127 ದಿನಗಳವರೆಗೆ ಅವಧಿಯುಳ್ಳ 25 ತಾರೆಗಳು ನಕ್ಷೆಯ ಮೇಲೆ ಬಹುಮಟ್ಟಿಗೆ ಒಂದೇ ಸರಳರೇಖೆಯಲ್ಲಿ ಬಂದು ನಿಂತವು. ಅವಧಿಯಿಂದ ನಿಜಕಾಂತಿ, ನಿಜಕಾಂತಿ ತೋರ್ಕೆಯ ಕಾಂತಿಗಳ ಹೋಲಿಕೆಯಿಂದ ದೂರ! ಆ ಪ್ರಕಟಣೆಗೆ ಸಹಿಮಾಡಿದವರು ಮಾತ್ರ ವೀಕ್ಷಣಾಲಯದ ನಿರ್ದೇಶಕ ಪಿಕರಿಂಗ್. ಸಿದ್ಧಪಡಿಸಿದವರು ಮಿಸ್ ಲೆವಿಟ್ ಎಂದು ಆರಂಭದಲ್ಲಿಯೇ ಒಪ್ಪಿಕೊಂಡಿರುವುದು ಅವರ ಸೌಜನ್ಯ.

ನನ್ನ ಮಟ್ಟಿಗೆ ನಾಟಕೀಯವಾದುದು ಇಲ್ಲಿಂದ ಮುಂದಿನ ಸಂಗತಿ. ರೇಖೆಯನ್ನು ಎಳೆದವರಿಗೆ ಅದನ್ನು ಮುಂದುವರಿಸುವ ಅವಕಾಶ ದೊರೆಯಲಿಲ್ಲ. ಧ್ರುವಪ್ರದೇಶದ ತಾರೆಗಳ ಕಾಂತಿಯನ್ನು ಪ್ರಮಾಣಬದ್ಧಗೊಳಿಸುವ, ಅವಶ್ಯಕವೇ ಆದ ಕಾರ್ಯಕ್ಕೆ ವೀಕ್ಷಣಾಲಯವು ಈಕೆಯನ್ನು ತೊಡಗಿಸಿತು. ಆ ರೇಖೆಯ ಆಧಾರದ ಮೇಲೆ ಮೊದಲ ದೂರಮಾಪನವನ್ನು 1913ರಲ್ಲಿ ಖಗೋಲಜ್ಞ ಹರ್ಟ್ಸ್‌ಸ್ಪ್ರಂಗ್ ಮಾಡಿದರು. ಲೆವಿಟ್ 1921ರಲ್ಲಿ ತೀರಿಕೊಂಡರು. ಎರಡು ವರ್ಷಗಳ ತರುವಾಯ ಖಗೋಲಜ್ಞ ಹಬ್ಬಲ್ ದೇವಯಾನಿ ನೀಹಾರಿಕೆಯಲ್ಲಿ ಅದೇ ಬಗೆಯ, ಎಂದರೆ ಸೆಫೀಡ್ ಜಾತಿಯ, ತಾರೆಯೊಂದನ್ನು ಕಂಡು, ಆ ನೀಹಾರಿಕೆಯು ನಮ್ಮ ಆಕಾಶಗಂಗೆಗೆ ಹೊರತಾದ ಬೇರೊಂದು ಗೆಲಕ್ಸಿಯೆಂದು ತೋರಿಸಿಕೊಟ್ಟರು. ಅವರು ಹೇಳಿದ ದೂರ ಸುಮಾರು 9 ಲಕ್ಷ ಜ್ಯೋತಿರ್ವರ್ಷ. ಇಂದಿನ ಲೆಕ್ಕ 25 ಲಕ್ಷ. ದೋಷವಿದ್ದುದು ಲೆವಿಟ್ ಅವರ ರೇಖೆಯಲ್ಲಲ್ಲ, ಇತರರು ಅದಕ್ಕೆ ಹೊಂದಿಸಿದ ಮೂಲಮಾನದಲ್ಲಿ. ಸೆಫೀಡ್‌ಗಳಲ್ಲಿಯೇ, ಒಂದೇ ಅವಧಿಗೆ ಬೇರೆ ಬೇರೆ ನಿಜಕಾಂತಿಯುಳ್ಳ ಎರಡು ವರ್ಗಗಳಿವೆಯೆಂದು 1952ರಲ್ಲಿ ವಾಲ್ಟರ್ ಬಾಡೆ ಪ್ರಕಟಿಸಲು, ಗೆಲಕ್ಸಿಗಳಿಗೆ ಅದುವರೆಗೆ ಹೇಳುತ್ತಿದ್ದ ದೂರಗಳೆಲ್ಲವೂ ಒಮ್ಮೆಗೇ ಹೆಚ್ಚುಕಡಮೆ ಇಮ್ಮಡಿಸಿದವು.