ತಲೆಯಾಗ ನೀರು ತುಂಬೈತಿ ಅಂದ್ರ

ಬಾಗಲಕೋಟೆಗೋ, ವಿಜಯಪುರಕ್ಕೋ, ಮಿರಜಿಗೋ ಹೋಗಿ ಎಂಆರ್‌ಐ ಮಾಡಿಸಿಕೊಂಡು ಜಮಖಂಡಿ, ಬೀಳಗಿ ಕಡೆ ಮರಳುವವರು ಬಸ್ಸಿನಲ್ಲಿ ಫಿಲ್ಮಿನ ದೊಡ್ಡ ಚೀಲವನ್ನು ಮಡಿಕೆ ಬೀಳದಂತೆ ತೊಡೆಯ ಮೇಲೆ ಹಿಡಿದು ಕೂತಿರುತ್ತಾರೆ. ವರದಿಯಲ್ಲಿ ‘ವೆಂಟ್ರಿಕಲ್ ಹಿಗ್ಗಿದೆ’ ಎಂಬ ಒಂದು ಸಾಲು ಇರುತ್ತದೆ. ಊರು ಮುಟ್ಟುವಷ್ಟರಲ್ಲಿ ಅದು ‘ತಲೆಯಾಗ ನೀರು ತುಂಬೈತಿ, ಆಪರೇಶನ್ ಆಗಬೇಕಂತ’ ಎಂದಾಗಿರುತ್ತದೆ.

ತಲೆಯೊಳಗೆ ನೀರಿಲ್ಲದ ಮನುಷ್ಯನೇ ಇಲ್ಲ. ಮಿದುಳಿನ ನಡುವೆ ಒಂದಕ್ಕೊಂದು ಕೂಡಿಕೊಂಡ ನಾಲ್ಕು ಕುಹರಗಳಿವೆ, ಇವೇ ವೆಂಟ್ರಿಕಲ್. (ಹೃದಯದ ಕೋಣೆಗಳಿಗೂ ಅದೇ ಹೆಸರು ಇರುವುದರಿಂದ ‘ಹಾರ್ಟ್ ದೊಡ್ಡದಾಗೈತಿ’ ಎಂದು ಹೆದರಿದವರೂ ಉಂಟು.) ಇವುಗಳಲ್ಲಿ ಸ್ರವಿಸುವ ತಿಳಿಯಾದ ದ್ರವ ಮಿದುಳನ್ನೂ ಬೆನ್ನುಹುರಿಯನ್ನೂ ಸುತ್ತಿ ಬಂದು ರಕ್ತಕ್ಕೆ ಸೇರುತ್ತದೆ. ವಯಸ್ಕರ ದೇಹದಲ್ಲಿ ಯಾವ ಹೊತ್ತಿನಲ್ಲೂ ಇರುವುದು ಸುಮಾರು 150 ಮಿಲಿ. ದಿನಕ್ಕೆ ಉತ್ಪತ್ತಿಯಾಗುವುದು ಸುಮಾರು 500 ಮಿಲಿ.

ಕುಹರ ಎಷ್ಟು ದೊಡ್ಡದು ಎಂದು ಅಳೆಯುವ ಬಗೆ ಸರಳ. ಕುಹರಗಳ ಮುಂಭಾಗದಲ್ಲಿ ಕೊಂಬಿನಂತೆ ಚಾಚಿದ ಎರಡು ತುದಿಗಳ ಹೊರ ಅಂಚಿನಿಂದ ಅಂಚಿಗೆ ಇರುವ ಅಗಲವನ್ನು ತಲೆಬುರುಡೆಯ ಒಳಗಿನ ಅತಿ ಹೆಚ್ಚಿನ ಅಗಲದಿಂದ ಭಾಗಿಸುತ್ತಾರೆ. ಕೊಂಬು 36 ಮಿಮೀ, ಬುರುಡೆ 130 ಮಿಮೀ ಇದ್ದರೆ ಉತ್ತರ 0.28. ಅದು 0.3 ದಾಟಿದರೆ ‘ಹಿಗ್ಗಿದೆ’ ಎನ್ನುತ್ತಾರೆ. ಇದು 1942ರಲ್ಲಿ ಇವಾನ್ಸ್ ಎಂಬ ವೈದ್ಯರು ಕೊಟ್ಟ ಲೆಕ್ಕ. ಆಗ ಎಂಆರ್‌ಐ ಇರಲಿಲ್ಲ. ಕುಹರಕ್ಕೆ ಗಾಳಿ ಸೇರಿಸಿ ಎಕ್ಸ್‌ರೇ ತೆಗೆಯುತ್ತಿದ್ದರು.

ಯಂತ್ರ ಕೊಟ್ಟ ಅಂಕಿ ತಪ್ಪಲಾರದು ಎಂಬ ನಂಬಿಕೆಯೂ ಬಲವಾಗಿದೆ. ಮುಧೋಳದ ಹೊಲದಲ್ಲಿ ಕಬ್ಬನ್ನು ನೇರಕ್ಕೆ ಕಡಿದರೆ ದುಂಡಗೆ ಕಾಣುತ್ತದೆ, ಓರೆಯಾಗಿ ಕಡಿದರೆ ಅದೇ ಕಬ್ಬು ಉದ್ದಗೆ ಕಾಣುತ್ತದೆ. ಸ್ಕ್ಯಾನಿನ ಪದರವೂ ಹಾಗೆಯೇ. ತಲೆ ವಾಲಿದ ಕೋನ ಬೇರೆಯಾದರೆ ಒಂದೆರಡು ಮಿಲಿಮೀಟರು ಆಚೀಚೆ ಆಗುತ್ತದೆ. ಆದ್ದರಿಂದ ಹಳೆಯ ಫಿಲ್ಮನ್ನು ಎಸೆಯಬೇಡಿ. ಹೊಸದರ ಪಕ್ಕದಲ್ಲಿ ಅದನ್ನಿಟ್ಟು ನೋಡುವುದಕ್ಕೇ ಹೆಚ್ಚಿನ ಬೆಲೆ. ಎಂಆರ್‌ಐಯಿಂದ ವಿಕಿರಣ ತಗಲುತ್ತದೆ ಎಂಬುದಂತೂ ಸುಳ್ಳು. ಅದು ಕಾಂತ ಮತ್ತು ರೇಡಿಯೊ ತರಂಗಗಳ ಕೆಲಸ. ಮೈಯಲ್ಲಿ ಪೇಸ್‌ಮೇಕರೋ ಲೋಹದ ತುಣುಕೋ ಇದ್ದರೆ ಮಾತ್ರ ಮೊದಲೇ ಹೇಳಲೇಬೇಕು.

ಅಂಕಿ 0.3 ದಾಟಿದ್ದೇ ರೋಗವೂ ಅಲ್ಲ. ವಯಸ್ಸಾದಂತೆ ಮಿದುಳು ಕುಗ್ಗುತ್ತದೆ, ತೆರವಾದ ಜಾಗಕ್ಕೆ ದ್ರವ ಬರುತ್ತದೆ. ಲಕ್ವಾ, ಮರೆಗುಳಿ ರೋಗಗಳಲ್ಲೂ ಹೀಗಾಗುತ್ತದೆ. ಅಲ್ಲಿ ನೀರು ತೆಗೆದು ಪ್ರಯೋಜನವಿಲ್ಲ.

ನನಗೆ ಹೆಚ್ಚು ಸಂಕಟ ತರುವುದು ಇದರ ತಿರುವುಮುರುವು. ರಬಕವಿ-ಬನಹಟ್ಟಿಯಲ್ಲಿ ಮಗ್ಗದ ಮುಂದೆ ಆಯುಷ್ಯ ಕಳೆದ ಅಜ್ಜನೊಬ್ಬ ಪಾದ ನೆಲಕ್ಕೆ ಅಂಟಿದಂತೆ ಸಣ್ಣ ಸಣ್ಣ ಹೆಜ್ಜೆ ಇಡತೊಡಗುತ್ತಾನೆ. ಮೂತ್ರ ತಡೆಯಲಾಗುವುದಿಲ್ಲ, ಮರೆವು ಹೆಚ್ಚುತ್ತದೆ ಎಂದುಕೊಳ್ಳಿ. ಮನೆಯವರು ‘ವಯಸ್ಸಾತು’ ಎಂದು ಸುಮ್ಮನಾಗುತ್ತಾರೆ. ಈ ಮೂರೂ ಕೂಡಿ ಬಂದು ಕುಹರವೂ ಹಿಗ್ಗಿದ್ದರೆ, ಅದು ಕೊಲಂಬಿಯಾದ ಸಾಲೊಮನ್ ಹಕೀಂ ಮತ್ತು ಸಂಗಡಿಗರು 1965ರಲ್ಲಿ ವಿವರಿಸಿದ ತೊಂದರೆ ಇರಬಹುದು. ಇಲ್ಲಿ ದ್ರವ ಹರಿಯುವ ವ್ಯವಸ್ಥೆಯೇ ಕೆಟ್ಟಿರುತ್ತದೆ, ಮತ್ತು ಇದಕ್ಕೆ ಚಿಕಿತ್ಸೆ ಇದೆ.

ಅದನ್ನು ತಿಳಿಯಲು ಬೆನ್ನಿನಿಂದ 30ರಿಂದ 50 ಮಿಲಿ ದ್ರವ ತೆಗೆದು ನಡಿಗೆ ಸುಧಾರಿಸುತ್ತದೆಯೇ ಎಂದು ನೋಡುತ್ತಾರೆ. ‘ಬೆನ್ನಾಗಿನ ನೀರು ತಗದ್ರ ಸೊಂಟ ಬೀಳತೈತಿ’ ಎಂದು ಹೆದರಿ ಒಪ್ಪದವರು ಬಹಳ. ಸೂಜಿ ಹೋಗುವುದು ಬೆನ್ನುಹುರಿ ಮುಗಿದ ಜಾಗಕ್ಕಿಂತ ಕೆಳಗೆ. ದೇಹ ಗಂಟೆಗೆ ಸುಮಾರು 20 ಮಿಲಿ ತಯಾರಿಸುವುದರಿಂದ, ತೆಗೆದ 40 ಮಿಲಿ ಎರಡು ತಾಸಿನಲ್ಲಿ ಮರಳಿ ಬರುತ್ತದೆ. ಫಲ ಕಂಡರೆ, ಹೆಚ್ಚಾದ ದ್ರವವನ್ನು ಹೊಟ್ಟೆಗೆ ಹರಿಸುವ ಸಣ್ಣ ನಳಿಗೆಯನ್ನು ಚರ್ಮದ ಕೆಳಗೆ ಕೂಡಿಸುತ್ತಾರೆ. ಮೊದಲು ಸುಧಾರಿಸುವುದು ಸಾಮಾನ್ಯವಾಗಿ ನಡಿಗೆ; ಮರೆವು ಅಷ್ಟು ಬೇಗ ಮಣಿಯುವುದಿಲ್ಲ.

ಮುಂದಿನ ಸಲ ವೈದ್ಯರ ಹತ್ತಿರ ಹೋಗುವಾಗ ಫಿಲ್ಮಿನ ಚೀಲವೊಂದನ್ನೇ ಒಯ್ಯಬೇಡಿ. ಅಜ್ಜ ಅಂಗಳದಲ್ಲಿ ಹತ್ತು ಹೆಜ್ಜೆ ನಡೆದು ಹೊರಳಿ ಬರುವುದನ್ನು ಮೊಬೈಲಿನಲ್ಲಿ ಹಿಡಿದುಕೊಂಡು ಹೋಗಿ.